ಆಟ ಮುಗಿಯುವ ಮೊದಲೇ ಎದ್ದವರು

ಚಾಮರಾಜಪೇಟೆ

ನಮ್ಮ ಬ್ಯಾಡ್ಮಿಂಟನ್ ಟೀಮಿಗೆ ಸಿಲೋನಿನಿಂದ ಕರೆ ಬಂದಿದೆ ಎಂಬ ಸುದ್ದಿ ಹಬ್ಬಿದಾಗ ಮೊದಲು ನಕ್ಕವರು ಮಲ್ಲೇಶ್ವರದವರು. ನಗುವುದಕ್ಕೆ ಅವರಿಗೆ ಅಧಿಕಾರವೂ ಇತ್ತು. ಗೆದ್ದ ಕಪ್ಪುಗಳನ್ನು ಇಡುವುದಕ್ಕೆಂದೇ ಅವರ ಕ್ಲಬ್ಬಿನಲ್ಲಿ ಗಾಜಿನ ಬಾಗಿಲಿನ ಬೀರು ಇತ್ತು. ನಮ್ಮಲ್ಲಿ ಬೀರುವೂ ಇರಲಿಲ್ಲ, ಅದರಲ್ಲಿ ಇಡುವುದಕ್ಕೆ ಏನೂ ಇರಲಿಲ್ಲ. ಹಳದಿ ಉಣ್ಣೆಯ ಚೆಂಡನ್ನು ಬಲೆಯ ಆಚೆ ಈಚೆ ಹೊಡೆಯುವ, ಒಂದೊಂದು ಕಡೆಗೆ ಐದು ಜನ ನಿಲ್ಲುವ ಈ ಆಟವನ್ನು ನಮ್ಮವರು ಹದಿನಾಲ್ಕು ವರ್ಷದಿಂದ ಆಡುತ್ತಿದ್ದರು. ಹದಿನಾಲ್ಕು ವರ್ಷವೂ ಒಂದಲ್ಲ ಒಂದು ಸುತ್ತಿನಲ್ಲಿ ಸೋತು ಮನೆಗೆ ಬಂದಿದ್ದರು.

ಕರೆದವರು ಸಿಲೋನಿನ ಉತ್ತರ ತುದಿಯಲ್ಲಿರುವ ಯಾಳ್ಪಾಣದ ಕಡೆಯ ಒಂದು ಹಳ್ಳಿಯ ಶಾಲೆಯ ಕನಕಸಬೈ ಮೇಷ್ಟರು. ಹಿಂದಿನ ವರ್ಷ ಯಾರೋ ನೆಂಟರನ್ನು ನೋಡಲು ಬೆಂಗಳೂರಿಗೆ ಬಂದಿದ್ದರು. ಒಂದು ಭಾನುವಾರ ಎನ್.ಆರ್. ಕಾಲೋನಿಯಲ್ಲಿ ನಮ್ಮವರಿಗೂ ಮಲ್ಲೇಶ್ವರದವರಿಗೂ ನಡೆದ ಪಂದ್ಯ ನೋಡಿದ್ದರು. ಗೆದ್ದವರನ್ನು ಬಿಟ್ಟು ಸೋತವರನ್ನು ಕರೆದಿದ್ದಾರೆಂದರೆ ಊರ ಹೆಸರು ಅದಲುಬದಲಾಗಿರಬೇಕು ಎಂದು ನಾವೆಲ್ಲ ಲೆಕ್ಕ ಹಾಕಿದೆವು. ಪಾಪ, ದೂರದವರು, ತಪ್ಪು ತಿಳಿದಿದ್ದರೆ ತಿದ್ದಿ ಅವರ ಮನಸ್ಸು ನೋಯಿಸುವುದು ಬೇಡವೆಂದು ಕಮಿಟಿಯಲ್ಲಿ ಒಮ್ಮತದ ತೀರ್ಮಾನವಾಯಿತು.

ನಾನು ಆಟಗಾರನಲ್ಲ. ಚಾಮರಾಜಪೇಟೆಯ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್. ಆಟಗಾರರ ಮಂಡಿ ತರಚಿದರೆ ಅಯೋಡಿನ್ ಹಚ್ಚುವುದು ನನ್ನ ಪದವಿ. ಉಳಿದಂತೆ ಬೆಂಚಿನ ಮೇಲೆ ಕೂತು ನೋಡುವವನು. ಬೆಂಚಿನ ಇನ್ನೊಂದು ತುದಿ ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ ಇಟ್ಟಿರುವ ಸುಬ್ಬಣ್ಣನದು. ಐವರು ಆಟಗಾರರ ಜೊತೆ ನಾವಿಬ್ಬರೂ ಹೊರಟೆವು.

ಇಲ್ಲಿ ನಮ್ಮ ಬೆಂಚಿನ ಒಂದು ಮರ್ಯಾದೆಯನ್ನು ಹೇಳಬೇಕು. ಸೋಲು ಖಾತ್ರಿಯಾಯಿತು ಎನ್ನುವಾಗ ನಾವು ಎದ್ದು ಹೋಗುತ್ತೇವೆ. ಕೂಗಾಡುವುದಿಲ್ಲ, ಮುಖ ಗಂಟು ಹಾಕುವುದಿಲ್ಲ. ಒಬ್ಬರು ಮೆಲ್ಲಗೆ ಕಾಫಿಯ ಮಾತೆತ್ತುತ್ತಾರೆ, ಉಳಿದವರು ಪಂಚೆ ಕೊಡವಿ ಏಳುತ್ತಾರೆ. ಜಾರಿ ಬಿದ್ದವನು ಏಳುವಾಗ ನಾವು ಬೇರೆ ಕಡೆ ನೋಡುವುದಿಲ್ಲವೇ, ಹಾಗೆ. ಮಾರನೆಯ ಬೆಳಿಗ್ಗೆ ಆಟಗಾರ ಸಿಕ್ಕರೆ ಅವನ ಮಗುವಿನ ಕೆಮ್ಮು ಹೇಗಿದೆ ಎಂದು ಕೇಳುತ್ತೇವೆಯೇ ಹೊರತು ಆಟದ ಮಾತೆತ್ತುವುದಿಲ್ಲ. ನಾವು ಎದ್ದು ಹೋಗುವ ಹೊತ್ತಿಗೆ ಹೋಟೆಲಿನಲ್ಲಿ ದೋಸೆ ಬಿಸಿಯಾಗಿ ಸಿಗುತ್ತಿತ್ತು ಎಂಬುದೂ ನಿಜ. ಆದರೆ ಮುಖ್ಯ ಕಾರಣ ಮರ್ಯಾದೆಯೇ.

ಹಡಗಿನಲ್ಲಿ

ಧನುಷ್ಕೋಟಿಯಲ್ಲಿ ಸುಂಕದವರು ಸುಬ್ಬಣ್ಣನ ಟ್ರಂಕು ತೆಗೆಸಿದರು. ಒಳಗೆ ಎರಡು ಪಂಚೆ, ಒಂದು ಶರಟು, ಐದು ಡಬ್ಬ ಇದ್ದವು. ಅವರಲ್ಲಿ ದೊಡ್ಡ ಅಧಿಕಾರಿ ಒಂದು ಡಬ್ಬದ ಮುಚ್ಚಳ ತೆಗೆದು ಮೂಸಿದರು. ಅದು ಚಟ್ನಿಪುಡಿಯ ಡಬ್ಬ. ಅವರು ಸೀನುವುದನ್ನು ನಿಲ್ಲಿಸುವವರೆಗೂ ನಾವು ಕಾದೆವು; ಉಳಿದ ನಾಲ್ಕು ಡಬ್ಬಗಳನ್ನು ಅವರು ನೋಡಲಿಲ್ಲ.

ಹಡಗು ಹೊರಟ ಮೇಲೆ ಸುಬ್ಬಣ್ಣ ಕಣ್ಣು ಮುಚ್ಚಿಕೊಂಡು ಮಲಗಿಬಿಟ್ಟ. ನಾನೂ ಕ್ಯಾಪ್ಟನ್ ರುದ್ರಪ್ಪನವರೂ ಕಂಬಿ ಹಿಡಿದು ನಿಂತಿದ್ದೆವು. ರುದ್ರಪ್ಪನವರದು ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ. ನಲವತ್ತು ದಾಟಿದ ಮನುಷ್ಯ, ಸ್ವಲ್ಪ ಹೊಟ್ಟೆಯೂ ಬಂದಿದೆ. ಆದರೂ ಪ್ರತಿದಿನ ಬೆಳಿಗ್ಗೆ ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಆಟಗಾರರನ್ನು ಎಬ್ಬಿಸಿ ಕರೆತರುವವರು ಅವರೇ. ಟೀಮು ಎಂದರೆ ಅವರ ಸೈಕಲ್ಲಿನ ಗಂಟೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ನೀರು ನೋಡುತ್ತಲೇ ಅವರು ಹೇಳಿದರು: “ಕಾಂಪೌಂಡ್ರೇ, ನಿಮಗೆ ಮೊದ್ಲೇ ಹೇಳ್ಬಿಡ್ತೀನಿ. ಇದೇ ಕೊನೆ. ಊರಿಗೆ ಹೋದ್ಮೇಲೆ ಟೀಮ್ ಮುಚ್ಬಿಡ್ತೀನಿ.”

ಯಾಕೆ ಎಂದು ಕೇಳಿದೆ. ಸಾಕಾಯಿತು ಎಂದರು, ಅಷ್ಟೇ. ಮುಂದೆ ಕೇಳುವುದು ನಮ್ಮ ಪದ್ಧತಿಯಲ್ಲವಾದ್ದರಿಂದ ಕೇಳಲಿಲ್ಲ. ಅವರಿಲ್ಲದಿದ್ದರೆ ಆ ಹುಡುಗರನ್ನು ಎಬ್ಬಿಸುವವರಿಲ್ಲ, ಟೀಮಿಲ್ಲ. ಟೀಮಿಲ್ಲದ ಭಾನುವಾರಗಳಲ್ಲಿ ನಾನು ಏನು ಮಾಡಲಿ? ವಾರವೆಲ್ಲ ಮಿಕ್ಸ್ಚರ್ ಅಳೆದು ಕೊಡುವವನಿಗೆ ಆ ಬೆಂಚೊಂದೇ ಸಂತೋಷ. ಒಂದೇ ಒಂದು ಸಲ ಗೆದ್ದರೆ ಮನುಷ್ಯ ಮನಸ್ಸು ಬದಲಾಯಿಸುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡು, ಕಾಣದ ಲಂಕೆಯ ಕಡೆ ನೋಡುತ್ತಾ ಬೇಡಿಕೊಂಡೆ.

ಯಾಳ್ಪಾಣ

ಯಾಳ್ಪಾಣದಲ್ಲಿ ಎಲ್ಲಿ ನೋಡಿದರೂ ತಾಳೆಮರ. ಮನೆಗಳಿಗೆ ತಾಳೆಗರಿಯ ಎತ್ತರದ ಬೇಲಿ. ರಸ್ತೆಯಲ್ಲಿ ನಡೆದರೆ ಎರಡು ಬೇಲಿಗಳ ನಡುವೆಯೇ ನಡೆಯಬೇಕು, ಒಳಗೆ ಯಾರಿದ್ದಾರೆಂದು ತಿಳಿಯುವುದಿಲ್ಲ. ನಮ್ಮ ಚಾಮರಾಜಪೇಟೆಯಲ್ಲಿ ಜಗುಲಿಯ ಮೇಲೆ ಕೂತು ಹೋಗುವವರನ್ನೆಲ್ಲ ಮಾತಾಡಿಸುವ ನಮಗೆ ಇದು ಸ್ವಲ್ಪ ಉಸಿರುಕಟ್ಟಿಸಿತು. ಬೇಲಿ ದಾಟಿ ಒಳಗೆ ಹೋದ ಮೇಲೆ ಮಾತ್ರ ಹೊರಗೆ ಬರಲು ಬಿಡುವುದಿಲ್ಲ. ಚಹಾಕ್ಕೆ ಸಿಹಿ ಹಾಕದೆ, ಅಂಗೈಯಲ್ಲಿ ತಾಳೆಬೆಲ್ಲದ ಚೂರು ಇಟ್ಟುಕೊಂಡು ಒಂದು ಕಡಿತ, ಒಂದು ಗುಟುಕು ಎಂದು ಕುಡಿಯುತ್ತಾರೆ. ಸುಬ್ಬಣ್ಣ ಬೆಲ್ಲವನ್ನೆಲ್ಲ ಮೊದಲೇ ತಿಂದು ಮುಗಿಸಿ, ಸಪ್ಪೆ ಚಹಾ ಹಿಡಿದುಕೊಂಡು ಕೂತ. ಅವನಿಗೆ ಇನ್ನೊಂದು ಚೂರು ಕೊಟ್ಟರು, ಅದನ್ನೂ ತಿಂದ.

ಭಾಷೆಯ ಕಷ್ಟ ಅಷ್ಟಿರಲಿಲ್ಲ. ನಮ್ಮ ಪೇಟೆಯ ತಮಿಳಿಗೂ ಅವರ ತಮಿಳಿಗೂ ದೂರದ ನೆಂಟತನವಿತ್ತು. ನಾವು ಬಾಯಿ ತೆರೆದಾಗಲೆಲ್ಲ ಅವರ ಮನೆಯ ಹೆಂಗಸರು ಒಳಗೆ ಹೋಗಿ ನಕ್ಕು ಬರುತ್ತಿದ್ದರು.

ಮೊದಲ ಪಂದ್ಯ ಪಟ್ಟಣದ ಒಂದು ಕಾಲೇಜಿನ ಹುಡುಗರ ಮೇಲೆ. ಇಪ್ಪತ್ತೊಂಬತ್ತು ಪಾಯಿಂಟಿನ ಆಟ. ಮೂರರಲ್ಲಿ ಎರಡು ಗೆದ್ದವರು ಗೆದ್ದಂತೆ. ಮೊದಲನೆಯದು ಹೋಯಿತು. ಎರಡನೆಯದರಲ್ಲಿ ನಮಗೆ ಒಂಬತ್ತು, ಅವರಿಗೆ ಇಪ್ಪತ್ತೆರಡು ಆದಾಗ ಸುಬ್ಬಣ್ಣ ನನ್ನ ಕಡೆ ಬಾಗಿ, ಇಲ್ಲಿ ಕಾಫಿ ಎಲ್ಲಿ ಸಿಗಬಹುದು ಎಂದ. ನಾನು ಪಂಚೆ ಕೊಡವಿದೆ. ಇಬ್ಬರೂ ಎದ್ದೆವು.

ನಾವು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಸುತ್ತಲಿನವರೆಲ್ಲ ಆಟ ಬಿಟ್ಟು ನಮ್ಮನ್ನು ನೋಡತೊಡಗಿದರು. ಎಲ್ಲರ ಕಣ್ಣಲ್ಲೂ ಗಾಬರಿ. ಕನಕಸಬೈ ಮೇಷ್ಟರು ಮೈದಾನವನ್ನು ಬಳಸಿಕೊಂಡು ಓಡಿಬಂದು, ಯಾರಿಗೆ ಏನಾಯಿತು ಎಂದು ಕೇಳಿದರು. ಆಟ ಇನ್ನೂ ನಡೆಯುತ್ತಿರುವಾಗ, ಅದೂ ಸ್ವಂತ ಊರಿನವರು ಆಡುತ್ತಿರುವಾಗ, ಎದ್ದು ಹೋಗುವ ಮನುಷ್ಯನ ಪ್ರಾಣಕ್ಕೇ ಏನೋ ಬಂದಿರಬೇಕು ಎಂಬುದು ಆ ಊರಿನ ತಿಳಿವಳಿಕೆ. ಕಾಫಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ಸುಬ್ಬಣ್ಣನ ಮುಖ ನೋಡಿದೆ. ಆ ಮಹಾನುಭಾವ ಒಂದು ಕ್ಷಣವೂ ಯೋಚಿಸದೆ ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿದ.

ಐದು ನಿಮಿಷದಲ್ಲಿ ಒಬ್ಬ ನಾಟಿ ವೈದ್ಯರು ಬಂದರು. ನಾಡಿ ಹಿಡಿದರು, ನಾಲಗೆ ನೋಡಿದರು, ಬೆಂಗಳೂರಿನ ನೀರು ಸರಿಯಿಲ್ಲ ಎಂದು ತೀರ್ಮಾನಿಸಿದರು. ಒಂದು ಲೋಟ ಕಷಾಯ ಕುಡಿಸಿ, ಐದು ದಿನ ಗಂಜಿಯ ಹೊರತು ಬೇರೇನೂ ಕೊಡಕೂಡದೆಂದು ಆಜ್ಞೆ ಮಾಡಿದರು. ಇಪ್ಪತ್ತು ವರ್ಷ ಕಂಡಕಂಡವರಿಗೆ ಕಹಿ ಔಷಧಿ ಕುಡಿಸಿದ ನಾನು, ಒಂದು ರೋಗವೂ ಇಲ್ಲದೆ ಅದನ್ನು ಕುಡಿದೆ. ಈ ಗಲಾಟೆಯಲ್ಲಿ ನಮ್ಮವರು ಸೋತದ್ದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ.

ಮೇಷ್ಟರ ಮನೆಯ ಜಗುಲಿ

ಮಾರನೆಯ ದಿನ ನಮ್ಮನ್ನು ಮೇಷ್ಟರ ಹಳ್ಳಿಗೆ ಕರೆದೊಯ್ದರು. ಎರಡು ದಿನ ಬಿಟ್ಟು ಆ ಹಳ್ಳಿಯ ಟೀಮಿನ ಜೊತೆ ಎರಡನೆಯ ಪಂದ್ಯ. ಉಳಿದವರಿಗೆ ಬಾಳೆಲೆಯ ತುಂಬ ಊಟ. ನನಗೆ ಜಗುಲಿಯ ಮೇಲೆ ಚಾಪೆ, ಕೆಂಪಕ್ಕಿಯ ಗಂಜಿ. ಸುಬ್ಬಣ್ಣ ಆಗಾಗ ಬಂದು ಬಟ್ಟಲಿನೊಳಗೆ ಬಗ್ಗಿ, ಅಕ್ಕಿ ಒಳ್ಳೆ ಜಾತಿಯದು, ನೀನು ಅದೃಷ್ಟವಂತ ಎಂದು ಹೇಳಿ ಊಟಕ್ಕೆ ಹೋಗುತ್ತಿದ್ದ.

ರೋಗಿಗೆ ಬೇಸರವಾಗಬಾರದೆಂದು ಪಕ್ಕದ ಮನೆಯ ಸಿನ್ನತಂಬಿ ಎಂಬ ಮುದುಕರು ಬಂದು ಕೂತರು. ಚುಟ್ಟಾ ಸುತ್ತುವುದು ಅವರ ಕಸುಬು. ಮಾತಾಡುತ್ತಲೇ ಹೊಗೆಸೊಪ್ಪು ಸುತ್ತುತ್ತಿದ್ದರು. ನಿಮ್ಮ ಹಳ್ಳಿಯ ಟೀಮು ಹೇಗೆ ಎಂದು ಕೇಳಿದೆ. ಬಹಳ ಒಳ್ಳೆಯ ಟೀಮು ಎಂದರು. ಎಷ್ಟು ಸಲ ಗೆದ್ದಿದ್ದಾರೆ ಎಂದು ಕೇಳಿದೆ. ಒಂದು ಸಲವೂ ಇಲ್ಲ ಎಂದರು, ಅದೇ ಸಂತೋಷದಿಂದ.

ನನ್ನ ಹೊಟ್ಟೆಯೊಳಗೆ ಗಂಜಿಯೇ ಕುಣಿಯಿತು. ಕೊನೆಗೂ ನಾವು ಸೋಲಿಸಬಹುದಾದ ಟೀಮೊಂದು ಭೂಮಿಯ ಮೇಲೆ ಇತ್ತಲ್ಲ. ಒಳ್ಳೆಯದು ಅಂದರೆ ಮತ್ತೆ ಹೇಗೆ ಎಂದು ಸುಮ್ಮನೆ ಕೆಣಕಿದೆ. ಮುದುಕರು ಚುಟ್ಟಾ ಕೆಳಗಿಟ್ಟು ಹೇಳತೊಡಗಿದರು. ಒಂಬತ್ತು ವರ್ಷದ ಹಿಂದೆ ಸೋತ ಒಂದು ಪಂದ್ಯ. ಯಾರು ಎಲ್ಲಿ ನಿಂತಿದ್ದ, ಗಾಳಿ ಯಾವ ಕಡೆ ಬೀಸುತ್ತಿತ್ತು, ಯಾರ ಬ್ಯಾಟಿನ ತಂತಿ ಹರಿಯಿತು, ಅವನು ಎದುರಾಳಿಯ ಬ್ಯಾಟನ್ನೇ ಕೇಳಿ ಇಸಿದುಕೊಂಡು ಹೇಗೆ ಆಡಿದ. ಮದುವೆಯ ಸುದ್ದಿ ಹೇಳುವವರ ಹಾಗೆ ಹೇಳಿದರು. ಮುಗಿಯುವ ಹೊತ್ತಿಗೆ ಬೇಲಿಯ ಆಚೆಯಿಂದ ಇನ್ನೂ ಮೂವರು ಬಂದು ಸೇರಿ, ಗಾಳಿ ದಕ್ಷಿಣದ್ದೋ ಪೂರ್ವದ್ದೋ ಎಂದು ಜಗಳವಾಡುತ್ತಿದ್ದರು. ಹೀಗೆ ಹೇಳುವುದಕ್ಕೆ ಏನಾದರೂ ಸಿಕ್ಕಿದ ವರ್ಷ ಅವರ ಪಾಲಿಗೆ ಒಳ್ಳೆಯ ವರ್ಷ. ಸಪ್ಪೆಯಾಗಿ ಸೋತ ವರ್ಷ ಮಾತ್ರ ಕೆಟ್ಟದ್ದಂತೆ. ಸಪ್ಪೆಯಾಗಿ ಗೆದ್ದರೆ ಎಂದು ಕೇಳಿದೆ. ಆ ಅನುಭವ ಅವರಿಗಿರಲಿಲ್ಲ.

ಆಮೇಲೆ ಮುದುಕರು ನಿಮ್ಮದೊಂದು ಪಂದ್ಯ ಹೇಳಿ ಎಂದರು. ನಾನು ಎನ್.ಆರ್. ಕಾಲೋನಿಯದನ್ನೇ ಜೋರಾಗಿ ಶುರುಮಾಡಿದೆ. ಮೂರನೆಯ ಆಟ, ಮಲ್ಲೇಶ್ವರದವರಿಗೆ ಇಪ್ಪತ್ತೆಂಟು, ನಮಗೆ ಹನ್ನೆರಡು. ಅಲ್ಲಿಗೆ ಬಂದು ನಿಲ್ಲಿಸಿದೆ.

ಆಮೇಲೆ ಎಂದರು.

ಆಮೇಲೆ ಸೋತರು ಎಂದೆ.

ಹೇಗೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ನಮ್ಮವರು ಸೋತ ಒಂದು ಪಂದ್ಯದ ಕೊನೆಯೂ ನನಗೆ ಗೊತ್ತಿಲ್ಲ ಎಂಬುದು ಆಗ ಹೊಳೆಯಿತು. ಎಲ್ಲವೂ ಮುಕ್ಕಾಲು ಪಾಲು ಗೊತ್ತಿತ್ತು. ಉಳಿದ ಕಾಲು ಪಾಲಿನಲ್ಲಿ ನಾನು ದೋಸೆ ತಿನ್ನುತ್ತಿದ್ದೆ.

ಒಳಗಿನಿಂದ ಕನಕಸಬೈ ಮೇಷ್ಟರು ಬಂದು, ಅದನ್ನು ನಾನು ಹೇಳುತ್ತೇನೆ ಎಂದರು. ಇನ್ನೊಂದೇ ಪಾಯಿಂಟ್ ಸಿಕ್ಕರೆ ಮಲ್ಲೇಶ್ವರದವರು ಗೆದ್ದಂತೆ. ಆ ಒಂದನ್ನು ಕೊಡದೆ ರುದ್ರಪ್ಪನವರು ಅರ್ಧ ಗಂಟೆ ಹಿಡಿದರು. ಹನ್ನೆರಡು ಇಪ್ಪತ್ತಮೂರಾಯಿತು. ಮಲ್ಲೇಶ್ವರದ ಆಟಗಾರರೇ ಒಂದು ಹೊಡೆತಕ್ಕೆ ಚಪ್ಪಾಳೆ ತಟ್ಟಿದರು. ಆಮೇಲೆ ನಿಮ್ಮವರು ಸೋತರು. ಆ ಹೊತ್ತಿಗೆ ನಿಮ್ಮ ಕಡೆಯ ಬೆಂಚಿನ ಮೇಲೆ ಕೂತಿದ್ದವನು ನಾನೊಬ್ಬನೇ ಎಂದು ಮೇಷ್ಟರು ಸಹಜವಾಗಿ ಹೇಳಿದರು. ಇಂಥ ಆಟವನ್ನು ನಮ್ಮ ಊರಿನವರೂ ನೋಡಲಿ ಎಂದು ಕರೆಸಿದೆ ಎಂದರು. ಊರ ಹೆಸರು ಅದಲುಬದಲಾಗಿರಲಿಲ್ಲ. ನಾನು ಬಟ್ಟಲು ಕೆಳಗಿಟ್ಟೆ.

ಸಂಜೆ ರುದ್ರಪ್ಪನವರು ಬಾವಿಕಟ್ಟೆಯ ಮೇಲೆ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಈ ಹಳ್ಳಿಯವರನ್ನು ಗೆದ್ದೇ ಗೆಲ್ಲುತ್ತೀರಿ, ಕಪ್ಪಿನ ಕೊರಗು ಬಿಡಿ ಎಂದೆ.

“ಕಪ್ ಯಾರಿಗೆ ಬೇಕು ಸ್ವಾಮಿ,” ಎಂದರು. “ಅಂಗಡೀಲಿ ಧೂಳು ಹೊಡೆಯೋಕೆ ಬೇಕಾದಷ್ಟಿದೆ. ಆಟ ಮುಗಿದ್ಮೇಲೆ ತಿರುಗಿ ನೋಡ್ತೀನಿ. ಬೆಂಚು ಖಾಲಿ. ನಮ್ಮನ್ನ ನೋಡೋಕೆ ನಿಮಗೆ ಅಷ್ಟು ನಾಚಿಕೆ ಆದ್ರೆ, ನಾವ್ಯಾಕೆ ಆಡ್ಬೇಕು?”

“ನಿಮಗೆ ನಾಚಿಕೆ ಆಗ್ಬಾರ್ದು ಅಂತ ನಾವು ಎದ್ದು ಹೋಗ್ತಿದ್ವಿ,” ಎಂದೆ.

ಅವರು ನನ್ನ ಮುಖ ನೋಡಿದರು. ಸುಳ್ಳೋ ನಿಜವೋ ಎಂದು ಅಳೆಯುತ್ತಿದ್ದರೆಂದು ಕಾಣುತ್ತದೆ. ಬಾವಿಯೊಳಗೆ ಬಕೆಟ್ ಬಿಟ್ಟು ನೀರು ಸೇದಿ ಮುಖ ತೊಳೆದುಕೊಂಡರು. “ಹದಿನಾಲ್ಕು ವರ್ಷ,” ಎಂದರು, ಒಳಗೆ ಹೋದರು. ನನಗೆ ಬಹಳ ಕೆಟ್ಟದೆನಿಸಿತು. ನಾವು ಅವರಿಗೆ ಮರ್ಯಾದೆ ಮಾಡುತ್ತಿದ್ದೇವೆಂದು ತಿಳಿದು ಅಷ್ಟು ವರ್ಷ ಅವರ ಮನಸ್ಸು ನೋಯಿಸಿದ್ದೆವು.

ಹಳ್ಳಿಯ ಮೈದಾನ

ಪಂದ್ಯದ ದಿನ ನನ್ನ ಪಥ್ಯ ಇನ್ನೂ ಮುಗಿದಿರಲಿಲ್ಲ. ನನಗೊಂದು ಒರಗು ಕುರ್ಚಿ ಹಾಕಿ, ತಲೆಯ ಮೇಲೆ ಕೊಡೆ ಹಿಡಿಯಲು ಒಬ್ಬರನ್ನು ನಿಲ್ಲಿಸಿ, ಕಾಲಿನ ಮೇಲೆ ಶಾಲು ಹೊದಿಸಿದರು. ಹಳ್ಳಿಯ ಹೆಂಗಸರು ಗಂಡಸರೆಲ್ಲ ಮರಳಿನ ಮೇಲೆ ಕೂತಿದ್ದರು. ಸಂಜೆ ಐದಕ್ಕೆ ಬಸ್ಸು. ಅದನ್ನು ಹಿಡಿದರೆ ರೈಲು, ರೈಲು ಹಿಡಿದರೆ ಮಾರನೆಯ ದಿನದ ಹಡಗು. ಟ್ರಂಕುಗಳನ್ನು ಕಟ್ಟಿ ರಸ್ತೆಯ ಬದಿಯಲ್ಲಿ ಇಟ್ಟಿದ್ದೆವು.

ಸೋತು ಸೋತು ಪಳಗಿದ ಎರಡು ಟೀಮುಗಳು ಎದುರುಬದುರಾದರೆ ಏನಾಗುತ್ತದೆ ಎಂಬುದನ್ನು ಅಂದು ನೋಡಿದೆ. ಯಾರಿಗೂ ಮುಗಿಸುವುದಕ್ಕೆ ಬರುವುದಿಲ್ಲ. ಮುಂದೆ ಹೋದವರು ಗಾಬರಿಯಾಗಿ ಹಿಂದೆ ಬೀಳುವರು. ಹಿಂದೆ ಬಿದ್ದವರು ಮನೆಗೆ ಬಂದಂತೆ ನೆಮ್ಮದಿಯಿಂದ ಆಡುವರು. ಮೊದಲನೆಯದು ನಮಗೆ, ಎರಡನೆಯದು ಅವರಿಗೆ. ಮೂರನೆಯದರ ನಡುವೆ ಐದು ಗಂಟೆಯಾಗಿ ಬಸ್ಸು ಬಂತು. ಡ್ರೈವರ್ ಎರಡು ಸಲ ಹಾರನ್ ಹೊಡೆದ. ನಮ್ಮವರು ಹದಿನೈದು, ಅವರು ಇಪ್ಪತ್ತೈದು.

ಸುಬ್ಬಣ್ಣ ಎದ್ದ. “ಲೋ, ಇದು ಹೋಯ್ತು ಬಿಡೋ. ಬಸ್ಸೂ ಹೋಗುತ್ತೆ. ಸಾಮಾನು ಹಾಕ್ಬಿಡೋಣ ನಡಿ.”

“ಕೂತ್ಕೋ,” ಎಂದೆ.

ಅವನು ನನ್ನನ್ನು ನಿಜವಾಗಿಯೂ ಕಾಯಿಲೆ ಬಿದ್ದವನನ್ನು ನೋಡುವಂತೆ ನೋಡಿ, ಮರಳಿನ ಮೇಲೆ ಕೂತ. ಬಸ್ಸು ಸ್ವಲ್ಪ ಹೊತ್ತು ಕಾದು ಹೊರಟುಹೋಯಿತು.

ಹದಿನೈದು ಇಪ್ಪತ್ತಾಯಿತು, ಇಪ್ಪತ್ನಾಲ್ಕಾಯಿತು. ರುದ್ರಪ್ಪನವರ ಶರಟು ಬೆನ್ನಿಗೆ ಅಂಟಿಕೊಂಡಿತ್ತು. ಅಂಗಡಿಯಲ್ಲಿ ಸೀರೆ ಮಡಿಸುವ ಆ ಕೈ ಚೆಂಡನ್ನು ಬಲೆಯ ಅಂಚಿಗೆ ತಗುಲಿಯೂ ತಗುಲದಂತೆ ಆಚೆ ಇಳಿಸುತ್ತಿತ್ತು. ಇಂಥದೊಂದು ಹೊಡೆತ ಅವರಿಗೆ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಅದು ಬಹುಶಃ ಕೊನೆಯ ಕಾಲು ಪಾಲಿಗೆಂದು ಇಟ್ಟುಕೊಂಡದ್ದು. ಅವರಿಗೆ ಇಪ್ಪತ್ತೆಂಟು, ನಮಗೆ ಇಪ್ಪತ್ತೇಳು ಆಗುವ ಹೊತ್ತಿಗೆ ನಾನು ಶಾಲು ಎಸೆದು ಕುರ್ಚಿಯ ತುದಿಗೆ ಬಂದಿದ್ದೆ. ಸುಬ್ಬಣ್ಣ ಕೊಡೆಯವನ ತೋಳು ಹಿಡಿದುಕೊಂಡಿದ್ದ.

ಅವರ ಆಟಗಾರ ಜೋರಾಗಿ ಹೊಡೆದ. ಚೆಂಡು ರುದ್ರಪ್ಪನವರ ಪಕ್ಕದಿಂದ ಹಾದು ಗೆರೆಯ ಹೊರಗೆ ಬಿತ್ತು. ಅಂಪೈರು ಪಾಯಿಂಟನ್ನು ನಮಗೆ ಕೊಟ್ಟರು. ರುದ್ರಪ್ಪನವರು ಕೈ ಎತ್ತಿದರು. ತಮ್ಮ ಬ್ಯಾಟಿನ ಅಂಚಿಗೆ ತಗುಲಿ ಹೋಯಿತು ಎಂದರು. ಅಂಪೈರು ನೋಡಿರಲಿಲ್ಲ, ಯಾರೂ ನೋಡಿರಲಿಲ್ಲ. ಪಾಯಿಂಟು ಹಳ್ಳಿಯವರಿಗೆ ಹೋಗಿ ಇಪ್ಪತ್ತೊಂಬತ್ತಾಯಿತು, ಅಲ್ಲಿಗೆ ಆಟ ಮುಗಿಯಿತು.

ರುದ್ರಪ್ಪನವರು ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಕಡೆ ತಿರುಗಿ ನೋಡಿದರು. ಆ ತಿರುಗುವುದನ್ನು ನಾನು ಮೊದಲ ಸಲ ನೋಡಿದ್ದು. ಏನು ಮಾಡಬೇಕೆಂದು ನಮಗೆ ತಿಳಿಯಲಿಲ್ಲ, ಅಭ್ಯಾಸವಿರಲಿಲ್ಲ. ಸುಬ್ಬಣ್ಣ ಕೈ ಮುಗಿದುಬಿಟ್ಟ. ನನಗೆ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಕೊಳ್ಳುವ ಬುದ್ಧಿಯೂ ಹೊಳೆಯಲಿಲ್ಲ. ರುದ್ರಪ್ಪನವರು ಎದುರಾಳಿಗಳ ಕೈ ಕುಲುಕಲು ಹೋದರು.

ಗೆದ್ದ ಹಳ್ಳಿಯವರ ಪಾಡು ನಮಗಿಂತ ಕಷ್ಟದ್ದಾಗಿತ್ತು. ಕೂಗುವುದೋ, ಹಾರ ಹಾಕುವುದೋ, ಯಾರಿಗೂ ಗೊತ್ತಿಲ್ಲ. ಸಿನ್ನತಂಬಿ ನನ್ನ ಹತ್ತಿರ ಬಂದು ಪೆಚ್ಚಾಗಿ ನಿಂತರು. ಇನ್ನು ಮುಂದೆ ಪ್ರತಿ ಸಲವೂ ಗೆಲ್ಲಬೇಕು ಎಂದು ಹುಡುಗರು ಹಟ ಹಿಡಿದರೆ ಏನು ಗತಿ ಎಂಬುದು ಅವರ ಚಿಂತೆ. ಹಾಗಾಗದಂತೆ ದೇವರು ನೋಡಿಕೊಳ್ಳುತ್ತಾನೆ ಎಂದು ಸಮಾಧಾನ ಹೇಳಿದೆ.

ತಲೈಮನ್ನಾರ್

ಒಂದು ದಿನ ತಡವಾಗಿ ಹಡಗುಕಟ್ಟೆ ಸೇರಿದೆವು. ಹಡಗಿಗಾಗಿ ಕಾಯುತ್ತಾ ಸುಬ್ಬಣ್ಣನೂ ಆಟಗಾರರೂ ಆ ಕೊನೆಯ ಪಾಯಿಂಟನ್ನು ಎಷ್ಟನೆಯ ಸಲವೋ ಎತ್ತಿಕೊಂಡಿದ್ದರು. ಚೆಂಡು ಬ್ಯಾಟಿಗೆ ತಗುಲಿದ ಸದ್ದು ತನಗೆ ಕೇಳಿಸಿತು ಎಂದು ಸುಬ್ಬಣ್ಣ ಆಣೆ ಇಡುತ್ತಿದ್ದ. ಅಷ್ಟು ದೂರಕ್ಕೆ ಕೇಳಿಸುವುದು ಸಾಧ್ಯವೇ ಇಲ್ಲ. ಆದರೂ ಯಾರೂ ಅವನನ್ನು ತಡೆಯಲಿಲ್ಲ.

ಕೇಳುತ್ತಾ ಕೂತಿದ್ದ ರುದ್ರಪ್ಪನವರು ನನ್ನ ಕಡೆ ತಿರುಗಿ ಕಾಗದ, ಪೆನ್ನು ಇದೆಯೇ ಎಂದರು. ತೆಗೆದೆ.

“ಮಲ್ಲೇಶ್ವರದವರಿಗೆ ಬರೀರಿ. ನಾವು ಊರು ಸೇರಿದ ಮುಂದಿನ ಭಾನುವಾರ ಅವರ ಜೊತೆ ಆಡ್ತೀವಿ ಅಂತ.”

ಬರೆದೆ. ಮಡಿಸುತ್ತಾ, ಕೆಣಕುವ ಚಪಲ ತಡೆಯಲಾರದೆ ಕೇಳಿದೆ: “ಈ ಸಲನಾದ್ರೂ ಗೆಲ್ತೀವಾ?”

“ಎಲ್ಲಿ ಗೆಲ್ತೀವಿ,” ಎಂದರು ರುದ್ರಪ್ಪನವರು. “ಸೋಲ್ತೀವಿ. ನೋಡೋಕೆ ಬನ್ನಿ.”